ಜೇಮ್ಸ್ ರೂಸ್ ಯಾರು?

ಸಿಡ್ನಿಯ ಕನ್ನಡ ಮನೆಗಳಲ್ಲಿ ಜೇಮ್ಸ್ ರೂಸ್ ಎಂಬ ಹೆಸರು ಕೇಳದವರು ವಿರಳ. ಕಾರ್ಲಿಂಗ್‌ಫರ್ಡಿನ ಆ ಕೃಷಿ ಪ್ರೌಢಶಾಲೆಯ ಪ್ರವೇಶಕ್ಕಾಗಿ ನಮ್ಮ ಮಕ್ಕಳು ವರ್ಷಗಟ್ಟಲೆ ಅಭ್ಯಾಸ ಮಾಡುತ್ತಾರೆ. ಆದರೆ ಆ ಹೆಸರಿನ ಮನುಷ್ಯ ಯಾರೆಂದು ನಾವು ಅವರಿಗೆ ಎಂದಾದರೂ ಹೇಳಿದ್ದೇವೆಯೇ?

ರೂಸ್ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದವನು. 1782ರಲ್ಲಿ ಕನ್ನಗಳವಿಗಾಗಿ ಮರಣದಂಡನೆಗೆ ಗುರಿಯಾದ. ಅದು ಏಳು ವರ್ಷಗಳ ಗಡೀಪಾರಾಗಿ ಮಾರ್ಪಟ್ಟು, 1788ರ ಮೊದಲ ನೌಕಾಪಡೆಯಲ್ಲಿ ಕೈದಿಯಾಗಿ ಇಲ್ಲಿಗೆ ಬಂದ. ವಸಾಹತು ಹಸಿವಿನಿಂದ ಕಂಗೆಟ್ಟಿತ್ತು. ಒಬ್ಬ ರೈತ ಎಷ್ಟು ಕಾಲದಲ್ಲಿ ಸ್ವಾವಲಂಬಿಯಾಗಬಲ್ಲನೆಂದು ಪರೀಕ್ಷಿಸಲು ಗವರ್ನರ್ ಫಿಲಿಪ್ 1789ರ ನವೆಂಬರಿನಲ್ಲಿ ಪ್ಯಾರಮಟಾದಲ್ಲಿ ಆತನಿಗೆ ನೆಲ ವಹಿಸಿದ. ದನದ ಗೊಬ್ಬರವಿರಲಿಲ್ಲ. ರೂಸ್ ಮರಗಳನ್ನು ಸುಟ್ಟು, ಬೂದಿಯನ್ನು ಮಣ್ಣಿಗೆ ಬೆರೆಸಿ, ಗುದ್ದಲಿಯಿಂದ ಅಗೆದು ಬೆಳೆ ತೆಗೆದ. 1791ರಲ್ಲಿ ತನ್ನ ಅನ್ನವನ್ನು ತಾನೇ ದುಡಿಯಬಲ್ಲೆನೆಂದ. ವಸಾಹತಿನ ಮೊದಲ ಭೂಮಂಜೂರಾತಿಯಾದ 30 ಎಕರೆ ಆತನದಾಯಿತು.

ಶಾಲೆಗೆ ಹೆಸರಿಡಲು ಇಷ್ಟು ಕಥೆ ಸಾಕು. ಕುಟುಂಬದ ಚರಿತ್ರೆಗೆ ಸಾಲದು. 1793ರಲ್ಲಿ ಆ ಹೊಲವನ್ನು ಸೇನಾ ಶಸ್ತ್ರವೈದ್ಯ ಜಾನ್ ಹ್ಯಾರಿಸ್ 40 ಪೌಂಡಿಗೆ ಕೊಂಡ. ನಾವು ಕರಿಬೇವಿಗೂ ದೋಸೆಗೂ ಹೋಗುವ ಹ್ಯಾರಿಸ್ ಪಾರ್ಕ್ ಆತನ ಹೆಸರಿನದೇ. ರೂಸ್ ಹಾಕ್ಸ್‌ಬರಿ ನದಿಯ ಕಡೆಗೆ ನಡೆದ. ಇಳಿವಯಸ್ಸಿನಲ್ಲಿ ಪರರ ಜಮೀನಿನಲ್ಲಿ ಮೇಲ್ವಿಚಾರಕನಾಗಿ ದುಡಿದ. 1837ರಲ್ಲಿ ತೀರಿಕೊಂಡ. ಈ ನೆಲದಲ್ಲಿ ಮೊದಲ ಧಾನ್ಯ ಬಿತ್ತಿದವನು ತಾನೆಂದು ಆತನ ಸಮಾಧಿಶಿಲೆ ಸಾರುತ್ತದೆ. ಅದು ಪೂರ್ತಿ ನಿಜವಲ್ಲ. ಸರ್ಕಾರಿ ಹೊಲಗಳಲ್ಲಿ ಅದಕ್ಕೂ ಮೊದಲೇ ಬಿತ್ತನೆಯಾಗಿತ್ತು. 1790ರಲ್ಲಿ ಆತನ ಕೈಹಿಡಿದ ಎಲಿಜಬೆತ್ ಪೆರಿಯೂ ಕೈದಿಯಾಗಿ ಬಂದವಳೇ. ಶಿಲೆಯ ಆ ಸಾಲುಗಳಲ್ಲಿ ತಾಯಿಯ ನೆನಪಿದೆ, ಹೆಂಡತಿಯ ಹೆಸರಿಲ್ಲ.

ವೈದ್ಯರಾದ ನಮ್ಮನ್ನು ಆ 1789 ಬೇರೊಂದು ಕಾರಣಕ್ಕೂ ಕಾಡುತ್ತದೆ. ರೂಸ್ ಗುದ್ದಲಿ ಹಿಡಿಯುವುದಕ್ಕೆ ಕೆಲವೇ ತಿಂಗಳ ಮೊದಲು ಸಿಡುಬು ಹಬ್ಬಿ, ಫಿಲಿಪ್‌ನ ಅಂದಾಜಿನಂತೆ ಸುತ್ತಲಿನ ಮೂಲನಿವಾಸಿಗಳಲ್ಲಿ ಅರ್ಧದಷ್ಟು ಜನ ಸತ್ತಿದ್ದರು. ಆತ ಉತ್ತ ನೆಲ ದಾರುಗ್ ಜನರ ಬರ್ರಮಟ್ಟಗಲ್ ಕುಲದ್ದು. ಪ್ಯಾರಮಟಾ ಎಂಬ ಹೆಸರೇ ಅವರಿಂದ ಬಂದುದು. ಅವರಿಗೂ ಆ ಕಲ್ಲಿನಲ್ಲಿ ಸ್ಥಳವಿಲ್ಲ.

ನಮ್ಮ ಸಂಘದ ಹಿರಿಯರೂ ಈಗ ತಮ್ಮ ವಲಸೆಯ ಕಥೆಗಳನ್ನು ಬರೆಯತೊಡಗಿದ್ದಾರೆ. ಎರಡು ಸೂಟ್‌ಕೇಸಿನೊಡನೆ ಬಂದದ್ದು, ಮನೆ ಕೊಂಡದ್ದು, ಮಕ್ಕಳು ಗೆದ್ದದ್ದು, ಎಲ್ಲವೂ ಬರಲಿ. ಪರವಾನಗಿ ಪರೀಕ್ಷೆಯಲ್ಲಿ ನಪಾಸಾದುದು, ಊರಿನ ಸಾಲ, ಕೊನೆಗಾಲದಲ್ಲಿ ನೋಡಲಾಗದೆ ಹೋದ ತಂದೆ, ಉದ್ಯೋಗ ಬಿಟ್ಟು ಸಂಸಾರ ನಿಲ್ಲಿಸಿದ ಹೆಂಡತಿ, ಮೊದಲ ಚಳಿಗಾಲದಲ್ಲಿ ಕೈಹಿಡಿದ ನೆರೆಯವರು, ಇವೂ ಬರಲಿ. ಗೆಲುವುಗಳನ್ನಷ್ಟೇ ಓದಿ ಬೆಳೆದ ಮಗುವಿಗೆ ತನ್ನ ಮೊದಲ ಸೋಲು ವಂಶದಲ್ಲೇ ಮೊದಲನೆಯದೆನಿಸೀತು. ಅಂಥ ಮಕ್ಕಳು ನಮ್ಮ ಚಿಕಿತ್ಸಾಲಯಕ್ಕೂ ಬರುತ್ತಾರೆ.

ಮುಂದಿನ ಸಲ ದಿನಸಿಗೆ ಹ್ಯಾರಿಸ್ ಪಾರ್ಕಿಗೆ ಹೋದಾಗ ಎಕ್ಸ್‌ಪೆರಿಮೆಂಟ್ ಫಾರ್ಮ್ ಕಾಟೇಜಿನ ಮುಂದೆ ಮಕ್ಕಳೊಡನೆ ಹತ್ತು ನಿಮಿಷ ನಿಲ್ಲೋಣ. ರೂಸ್‌ನ ಕಥೆಯನ್ನು ಪೂರ್ತಿಯಾಗಿ ಹೇಳೋಣ, ಆಮೇಲೆ ನಮ್ಮದನ್ನು.