ಗಿಟ್ ಕಮಾಂಡ್: ಏನು ಅಳಿಯುತ್ತೆ, ಏನು ಉಳಿಯುತ್ತೆ?

ಗಿಟ್‌ನಲ್ಲಿ 'ಎನ್' ಅನ್ನೋ ಒಂದೇ ಒಂದು ಅಕ್ಷರ ತಗೊಳ್ಳಿ. ಗಿಟ್ ಕ್ಲೀನ್ ಜೊತೆ ಹಾಕಿದ್ರೆ "ಈಗಲೇ ಏನೂ ಅಳಿಸಬೇಡ, ಏನೇನು ಅಳಿಸ್ತೀಯ ಅಂತ ಮೊದಲು ತೋರಿಸು" ಅಂತ ಅರ್ಥ. ಗಿಟ್ ಪುಷ್ ಜೊತೆ ಹಾಕಿದ್ರೂ ಅಷ್ಟೇ, ಬರೀ ತಾಲೀಮು. ಅದೇ ಅಕ್ಷರವನ್ನ ಗಿಟ್ ಕಮಿಟ್ ಜೊತೆ ಹಾಕಿ ನೋಡಿ. ಕಮಿಟ್ ನಿಜವಾಗಿಯೂ ಆಗೇಬಿಡುತ್ತೆ! ಸಾಲದ್ದಕ್ಕೆ, ಕಮಿಟ್‌ಗೆ ಮುಂಚೆ ನಡೆಯಬೇಕಿದ್ದ ತಪಾಸಣೆಗಳೂ ತಪ್ಪಿಹೋಗುತ್ತವೆ. ಎರಡು ಗಾಡಿಯಲ್ಲಿ ಬ್ರೇಕ್ ಆಗಿದ್ದ ಪೆಡಲ್ ಮೂರನೇ ಗಾಡಿಯಲ್ಲಿ ಆಕ್ಸಿಲರೇಟರ್ ಆದ ಹಾಗೆ.

ಹಾಗಾಗಿ ಗಿಟ್ ಅರ್ಥ ಆಗ್ತಿಲ್ಲ ಅಂದ್ರೆ ನಿಮ್ಮ ತಲೆಯಲ್ಲಿ ದೋಷ ಹುಡುಕಬೇಡಿ. ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಕರ್ನಲ್ ಕೆಲಸಕ್ಕಾಗಿ ಇದನ್ನು ಶುರು ಮಾಡಿದ್ರು. ಆಮೇಲೆ ನೂರಾರು ಕೈಗಳು ಸೇರಿಸುತ್ತಾ ಹೋದವು. ಒಮ್ಮೆ ಕೊಟ್ಟ ಆಪ್ಷನ್‌ನ ಅರ್ಥ ಬದಲಿಸೋದು ಕಷ್ಟ, ಅದನ್ನೇ ನಂಬಿಕೊಂಡ ಹಳೆಯ ಸ್ಕ್ರಿಪ್ಟ್‌ಗಳು ನಿಂತುಹೋಗುತ್ತವೆ. ಬ್ರಾಂಚ್ ಬದಲಿಸೋದು, ಫೈಲ್‌ನ ಬದಲಾವಣೆ ಅಳಿಸೋದು ಎರಡಕ್ಕೂ ಚೆಕ್‌ಔಟ್ ಅನ್ನೋ ಒಂದೇ ಕಮಾಂಡ್ ಇತ್ತು. ಈ ಗೊಂದಲ ತಪ್ಪಿಸೋಕೆ ಸ್ವಿಚ್, ರಿಸ್ಟೋರ್ ಅಂತ ಎರಡು ಹೊಸ ಕಮಾಂಡ್ ಬಂದಿದ್ದು 2019ರ ಆಗಸ್ಟ್‌ನಲ್ಲಿ, 2.23ನೇ ಆವೃತ್ತಿಯಲ್ಲಿ. ಹಳೆಯ ಚೆಕ್‌ಔಟ್ ಮಾತ್ರ ಇನ್ನೂ ಜಾಗ ಬಿಟ್ಟಿಲ್ಲ.

ಹೆಚ್ಚು ಜನ ಎಡವೋದು ರೀಸೆಟ್‌ನಲ್ಲಿ. ಕೊರಿಯರ್ ಪಾರ್ಸೆಲ್ ಕಟ್ಟೋದನ್ನ ನೆನೆಸಿಕೊಳ್ಳಿ. ನೀವು ತಿದ್ದಿದ ಫೈಲ್‌ಗಳು ಮೇಜಿನ ಮೇಲಿವೆ. ಆ್ಯಡ್ ಅಂದ್ರೆ ಡಬ್ಬಕ್ಕೆ ತುಂಬೋದು. ಕಮಿಟ್ ಅಂದ್ರೆ ಟೇಪ್ ಹಾಕಿ ಚೀಟಿ ಅಂಟಿಸೋದು. ಈಗ ಕೊನೆಯ ಕಮಿಟ್‌ನಿಂದ ಒಂದು ಹೆಜ್ಜೆ ಹಿಂದೆ ಹೋಗ್ಬೇಕು ಅಂದ್ಕೊಳ್ಳಿ. 'ಸಾಫ್ಟ್' ಟೇಪ್ ಮಾತ್ರ ಬಿಚ್ಚುತ್ತೆ, ಸಾಮಾನು ಡಬ್ಬದಲ್ಲೇ ಇರುತ್ತೆ. 'ಮಿಕ್ಸ್ಡ್' ಸಾಮಾನನ್ನ ಡಬ್ಬದಿಂದ ತೆಗೆದು ಮೇಜಿನ ಮೇಲಿಡುತ್ತೆ. ಆಪ್ಷನ್ ಏನೂ ಕೊಡದಿದ್ರೆ ಆಗೋದು ಇದೇ. 'ಹಾರ್ಡ್' ಮಾತ್ರ ಮೇಜನ್ನೂ ಗುಡಿಸಿಬಿಡುತ್ತೆ. ಬೆಳಗಿನಿಂದ ತಿದ್ದಿ ಇನ್ನೂ ಕಮಿಟ್ ಮಾಡದ ಕೆಲಸವೂ ಅದರ ಜೊತೆ ಹೋಯ್ತು. "ಖಂಡಿತಾನಾ?" ಅಂತ ಒಂದು ಮಾತೂ ಕೇಳೋದಿಲ್ಲ.

ರಿಸ್ಟೋರ್ ಕೂಡ ಹೆಸರಿನಷ್ಟು ಸಾಧು ಅಲ್ಲ. 'ಸ್ಟೇಜ್ಡ್' ಅಂತ ಸೇರಿಸಿದ್ರೆ ಫೈಲ್ ಡಬ್ಬದಿಂದ ಹೊರಗೆ ಬರುತ್ತೆ, ಮೇಜಿನ ಮೇಲಿರೋದು ಹಾಗೇ ಇರುತ್ತೆ. ಆ ಪದ ಮರೆತು ಬರೀ ಫೈಲ್ ಹೆಸರು ಕೊಟ್ರೆ, ಮೇಜಿನ ಮೇಲೆ ನೀವು ತಿದ್ದಿದ್ದೆಲ್ಲ ಮಾಯ. ಒಂದು ಪದ ಕಡಿಮೆ ಆದ್ರೆ ಅಪಾಯ ಜಾಸ್ತಿ!

ರಿವರ್ಟ್ ಇವೆರಡರ ಜಾತಿಗೇ ಸೇರಿದ್ದಲ್ಲ. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ತಪ್ಪು ನಮೂದಾದ್ರೆ ಹಾಳೆ ಹರಿಯೋದಿಲ್ಲ, ಕೆಳಗೆ ಉಲ್ಟಾ ನಮೂದು ಬರೀತಾರೆ ನೋಡಿ, ಅದು ರಿವರ್ಟ್. ರೀಸೆಟ್ ಹಾಳೆ ಹರಿಯೋ ಕೆಲಸ. ನಿಮ್ಮ ಸ್ವಂತ ಪುಸ್ತಕದಲ್ಲಿ ಹರಿದುಕೊಳ್ಳಿ, ಯಾರೂ ಕೇಳಲ್ಲ. ಪುಷ್ ಆಗಿ ಎಲ್ಲರ ಕೈಗೂ ಸಿಕ್ಕಿರೋ ಬ್ರಾಂಚ್‌ನಲ್ಲಾದ್ರೆ ರಿವರ್ಟ್ ಒಂದೇ ಮರ್ಯಾದೆಯ ದಾರಿ.

ಪುಷ್ ಮಾಡುವಾಗ 'ಫೋರ್ಸ್' ಹಾಕಿದ್ರೆ ಸರ್ವರ್‌ನಲ್ಲಿ ಸಹೋದ್ಯೋಗಿ ಹಾಕಿದ್ದ ಕಮಿಟ್ ಕೂಡ ಪಕ್ಕಕ್ಕೆ ಸರಿಯುತ್ತೆ. 'ಫೋರ್ಸ್ ವಿತ್ ಲೀಸ್' ಹಾಕಿದ್ರೆ, ನೀವು ಕೊನೆಯ ಸಲ ಫೆಚ್ ಮಾಡಿದ ಮೇಲೆ ಅಲ್ಲಿ ಬೇರೆ ಯಾರಾದ್ರೂ ಏನಾದ್ರೂ ಸೇರಿಸಿದ್ರೆ ಗಿಟ್ ಒಪ್ಪೋದಿಲ್ಲ. ಟೈಪ್ ಮಾಡೋಕೆ ಉದ್ದ ಇರಬಹುದು, ಆದ್ರೆ ಪಕ್ಕದ ಸೀಟಿನವರ ಸಂಜೆ ಉಳಿಯುತ್ತೆ.

ಇಷ್ಟೆಲ್ಲ ಬಾಯಿಪಾಠ ಮಾಡ್ಬೇಕಾ? ಬೇಡ. ಒಂದು ಸೂತ್ರ ಸಾಕು: ಕಮಿಟ್ ಆದದ್ದು ಸುಲಭಕ್ಕೆ ಸಾಯಲ್ಲ, ಕಮಿಟ್ ಆಗದ್ದನ್ನ ನಂಬೋಕಾಗಲ್ಲ. ಹಾರ್ಡ್ ರೀಸೆಟ್‌ನಲ್ಲಿ ಕಾಣೆಯಾದ ಕಮಿಟ್ ಕೂಡ ರೆಫ್‌ಲಾಗ್‌ನಲ್ಲಿ ಸಿಗುತ್ತೆ. ಸೆಟ್ಟಿಂಗ್ ಬದಲಿಸದಿದ್ರೆ ಅಂಥ ಕಮಿಟ್‌ನ ಗುರುತು 30 ದಿನ ಇರುತ್ತೆ, ಆದ್ರೆ ನೀವು ಕೆಲಸ ಮಾಡಿದ ಕಂಪ್ಯೂಟರ್‌ನಲ್ಲಿ ಮಾತ್ರ. ಆದ್ದರಿಂದ ಪರಿಚಯ ಇಲ್ಲದ ಕಮಾಂಡ್ ಒತ್ತುವ ಮೊದಲು ಗಿಟ್ ಸ್ಟೇಟಸ್ ನೋಡಿ. ಬಾಕಿ ಇರೋದನ್ನ ಒಂದು ತಾತ್ಕಾಲಿಕ ಕಮಿಟ್ ಮಾಡಿ. ಸಂದೇಶ ಅಂದವಾಗಿರಬೇಕು ಅಂತೇನಿಲ್ಲ, ಆಮೇಲೆ ತಿದ್ದಬಹುದು.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಿಜವಾದ ಕಷ್ಟ ಕಮಾಂಡ್‌ದಲ್ಲ, "ಕೇಳಿದ್ರೆ ಏನಂದ್ಕೋತಾರೋ" ಅನ್ನೋ ಸಂಕೋಚದ್ದು. ಆ ಸಂಕೋಚದಲ್ಲೇ ಗೂಗಲ್‌ನಲ್ಲಿ ಸಿಕ್ಕ ಮೊದಲ ಸಾಲನ್ನ ಕಾಪಿ ಮಾಡಿ ಎಂಟರ್ ಒತ್ತಿಬಿಡ್ತಾರೆ. ಆ ಸಾಲಿನ ಕೊನೆಯಲ್ಲಿ 'ಹಾರ್ಡ್' ಇದ್ರೆ ಮುಗೀತು, ದಿನದ ಕೆಲಸವೂ ಹೋಯ್ತು, ಹೇಳಿಕೊಳ್ಳೋ ಧೈರ್ಯವೂ ಹೋಯ್ತು. ಸೀನಿಯರ್‌ಗಳೇ, ನಿಮ್ಮ ಟೀಮ್‌ನ ಹೊಸ ಹುಡುಗ ಹುಡುಗಿಯರು ಇಂಥ ಪ್ರಶ್ನೆ ತಂದ್ರೆ "ಇಷ್ಟೂ ಗೊತ್ತಿಲ್ವಾ" ಅನ್ನಬೇಡಿ. ಕುರ್ಚಿ ಎಳೆದುಕೊಂಡು ಐದು ನಿಮಿಷ ಪಕ್ಕದಲ್ಲಿ ಕೂತ್ಕೊಳ್ಳಿ. ಹೋದ ಕೆಲಸವನ್ನ ರೆಫ್‌ಲಾಗ್‌ನಲ್ಲಿ ಹುಡುಕೋದಕ್ಕಿಂತ ಅದು ಬೇಗ ಮುಗಿಯುತ್ತೆ.