ಮರ ಉಳಿಯಿತು, ಹೊಳೆ ಉಳಿಯುತ್ತಾ?

ಕಳೆದ ಮಾರ್ಚ್‌ನಲ್ಲಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆ. ಮರಗಳ ಮೇಲಿನ ಹೆಜ್ಜಾರ್ಲೆಗಳನ್ನು ನೋಡಿ ಶಿಂಷಾ ಹೊಳೆ ಕಡೆ ನಡೆದಾಗ ಕಂಡದ್ದು ಬೇರೆಯದೇ ಹಕ್ಕಿ. ಕಪ್ಪು ಟೋಪಿ ಹಾಕಿದಂಥ ತಲೆ, ಹಳದಿ ಕೊಕ್ಕು, ಕವಲು ಬಾಲ. ನದಿ ರೀವ! ಒಂದೇ ಒಂದು. ನೀರಿನ ಮೇಲೆ ಎರಡು ಸುತ್ತು ಹೊಡೆದು ಹೊರಟೇಹೋಯ್ತು.

ರೀವ ಮರದಲ್ಲಿ ಗೂಡು ಕಟ್ಟಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೇಳುವ ಮರಳು ದಿಬ್ಬ, ಬಂಡೆ, ನಡುಗಡ್ಡೆಗಳೇ ಅದಕ್ಕೆ ಬಾಣಂತಿ ಕೋಣೆ. ಇದೇ ಜಿಲ್ಲೆಯ ರಂಗನತಿಟ್ಟಿನ ಬಂಡೆಗಳ ಮೇಲೆ, ದೂರದ ಭದ್ರಾ ಹಿನ್ನೀರಿನಲ್ಲಿ ಅದು ಮೊಟ್ಟೆ ಇಡುತ್ತದೆ. ಆದರೂ ಐಯುಸಿಎನ್ 2020ರಲ್ಲಿ ಇದನ್ನು ಅಪಾಯಕ್ಕೆ ಸಿಲುಕಿದ ಹಕ್ಕಿಗಳ ಪಟ್ಟಿಗೆ ಸೇರಿಸಿತು.

ದಡದಲ್ಲಿ ಎಮ್ಮೆ ಮೇಯಿಸುತ್ತಿದ್ದ ಯಜಮಾನರನ್ನು ಕೇಳಿದೆ. "ಮರಳೇ ಇಲ್ವಲ್ಲಪ್ಪ ಹೊಳೇಲಿ, ಅದೆಲ್ಲಿ ಮೊಟ್ಟೆ ಇಕ್ಕಾದು?" ಅಂದರು. ಇಡೀ ಸಮಸ್ಯೆ ಆ ಒಂದು ಮಾತಿನಲ್ಲಿತ್ತು.

ಕೊಕ್ಕರೆ ಬೆಳ್ಳೂರನ್ನು ಕಾಯ್ದದ್ದು ಮೊದಲು ಜನ, ಆಮೇಲೆ ಕಾನೂನು. ಇಲ್ಲಿನವರಿಗೆ ಈ ಹಕ್ಕಿಗಳು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು. 1990ರ ದಶಕದಲ್ಲಿ ಊರಿನ ಯುವಕರ ಹೆಜ್ಜಾರ್ಲೆ ಬಳಗ ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿತು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಫಲ ಕೊಡುವ ಮರವನ್ನು ಹಕ್ಕಿಗೆ ಬಿಟ್ಟುಕೊಟ್ಟ ರೈತರಿಗೆ ಅರಣ್ಯ ಇಲಾಖೆ ಪರಿಹಾರವನ್ನೂ ಕೊಡುತ್ತದೆ.

ಇದೆಲ್ಲ ಮರದ ಲೆಕ್ಕ. ಹೊಳೆಯದ್ದು, ಕೆರೆಯದ್ದು ಯಾರ ಲೆಕ್ಕ?

2017ರ ಕೊನೆಯಿಂದ ಇಲ್ಲಿ ಹೆಜ್ಜಾರ್ಲೆಗಳು ಒಂದಾದ ಮೇಲೊಂದು ಸತ್ತಾಗಲೇ ಉತ್ತರ ಸಿಕ್ಕಿತ್ತು. ಸತ್ತ ಹಕ್ಕಿಗಳ ಹೊಟ್ಟೆಯಲ್ಲಿ ಜಂತುಹುಳುಗಳಿದ್ದವು. ಅಂಥ ಹುಳು ಹಕ್ಕಿಗೆ ಬರುವುದು ತಿನ್ನುವ ಮೀನಿನಿಂದ, ಮೀನು ಬರುವುದು ಸುತ್ತಲಿನ ಕೆರೆ-ಹೊಳೆಗಳಿಂದ. ಮರ ಸುರಕ್ಷಿತವಾಗಿತ್ತು, ನೀರು ಇರಲಿಲ್ಲ.

ಒಂದು ರೀವ ಕಂಡಿದ್ದಕ್ಕೆ ಇಷ್ಟೆಲ್ಲ ಬೇಕಾ ಅಂತ ನೀವು ಕೇಳಬಹುದು. ಬೇಕು. ಹೊಳೆಯ ಪಾತ್ರ ಹೇಗಿದೆ ಅನ್ನೋದಕ್ಕೆ ಅದಕ್ಕಿಂತ ನೇರ ಸಾಕ್ಷಿ ಇಲ್ಲ. ಮರಳು ಹೋದರೆ ರೀವ ಮಾತ್ರ ಹೋಗಲ್ಲ, ದಡದ ಬಾವಿ, ಬೋರ್‌ವೆಲ್‌ಗಳ ನೀರೂ ಕೆಳಗಿಳಿಯುತ್ತೆ. ತುಮಕೂರು ಕಡೆಯಿಂದ ಹರಿದು ಮದ್ದೂರು, ಮಳವಳ್ಳಿ ದಾಟಿ ಕಾವೇರಿ ಸೇರುವ ಶಿಂಷಾ ಉದ್ದಕ್ಕೂ ಇದು ರೈತರದೇ ಪ್ರಶ್ನೆ.

ಹಾಗಾಗಿ ಹೊಸ ಕಾಯ್ದೆಗಿಂತ ಮೊದಲು ಇರುವುದನ್ನು ಬಳಸೋಣ. ಸಮುದಾಯ ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಪಂಚಾಯಿತಿಯ ಪ್ರತಿನಿಧಿಗಳಿಗೆ ಕಾನೂನೇ ಜಾಗ ಕೊಟ್ಟಿದೆ. ಹಕ್ಕಿ ಮೇಯುವ ಕೆರೆಗಳು, ಮೊಟ್ಟೆ ಇಡುವ ಮರಳು ಅದರ ಯೋಜನೆಯೊಳಗೆ ಬರಲಿ. ಫೆಬ್ರವರಿಯಿಂದ ಮೇವರೆಗೆ ಆ ಪಾತ್ರದಲ್ಲಿ ಮರಳಿಗೆ ಕೈ ಹಾಕಬಾರದು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಬೇಕಾದವರು ಊರಿನ ಹುಡುಗ-ಹುಡುಗಿಯರು.

ಮಗಳು ಬಂದಾಗ ತವರಿನವರು ಕೊಡೋದು ಬರೀ ಸೂರಲ್ಲ, ಅನ್ನ-ನೀರನ್ನೂ ತಾನೆ?