ಬೀರುವಿನೊಳಗಿನ ಲ್ಯಾಪ್‌ಟಾಪ್

ಜೂನ್ ಮೊದಲ ವಾರ, ಮಳೆ ಹಿಡಿಯುವ ಮುಂಚಿನ ಗುಡುಗು ಸಿಡಿಲು ನಮ್ಮ ಸಾಗರ ಪಟ್ಟಣದಲ್ಲಿ ಆ ರಾತ್ರಿ ಜೋರಾಗಿತ್ತು. ಬೆಳಿಗ್ಗೆ ಕಚೇರಿಯ ಲ್ಯಾಪ್‌ಟಾಪ್ ಆನ್ ಆಗಲಿಲ್ಲ. ಚಾರ್ಜರಿನಿಂದ ಸುಟ್ಟ ವಾಸನೆ. ಅವತ್ತೇ ಒಂದು ಪಾಲಿನ ದಾವೆಯಲ್ಲಿ ಎದುರು ಸಾಕ್ಷಿಯ ಪಾಟೀಸವಾಲು. ಹಳೆಯ ಪಹಣಿ, ಮ್ಯುಟೇಶನ್, ಪಾಲುಪತ್ರ ಎಲ್ಲವನ್ನೂ ವಾರವಿಡೀ ತಾಳೆ ನೋಡಿ ಬರೆದಿಟ್ಟ ಟಿಪ್ಪಣಿ ಅದರೊಳಗಿತ್ತು. ಆದರೂ ನನಗೆ ಗಾಬರಿಯಾಗಲಿಲ್ಲ. ಮನೆಯ ಬೀರುವಿನಲ್ಲಿ ಇನ್ನೊಂದು ಲ್ಯಾಪ್‌ಟಾಪ್ ಇದೆ, ಎರಡನ್ನೂ ಸಿಂಕ್ ಮಾಡಿಟ್ಟಿದ್ದೇನೆ ಎಂಬ ಧೈರ್ಯ. ತೆಗೆದು ನೋಡಿದರೆ ಅದರಲ್ಲಿದ್ದ ಟಿಪ್ಪಣಿಗಳೂ ಕೆಲಸದ ಪಟ್ಟಿಯೂ 11 ದಿನ ಹಳೆಯವು.

ಕಾಲಾವಕಾಶ ಕೇಳಿದೆ. ನ್ಯಾಯಾಲಯ ವೆಚ್ಚ ಹಾಕಿ ಕೊಟ್ಟಿತು, ವೆಚ್ಚ ನಾನೇ ಕಟ್ಟಿದೆ. ಕಕ್ಷಿದಾರರು ತೋಟದ ಕೆಲಸ ಬಿಟ್ಟು ಮೊದಲ ಬಸ್ಸಿಗೇ ಬಂದಿದ್ದರು. “ಹೋಗ್ಲಿ ಬಿಡಿ ಮೇಡಂ, ಮುಂದಿನ ವಾಯಿದೆಗೆ ಬರ್ತೀನಿ” ಅಂದರು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಸಿಂಕ್ ಮಾಡಲು ನಾನು ಬಳಸುವ ತಂತ್ರಾಂಶ ಸಿಂಕ್‌ಥಿಂಗ್. ದುಡ್ಡು ಕೊಡಬೇಕಿಲ್ಲ. ಕಡತಗಳನ್ನು ನಡುವೆ ಯಾರ ಸರ್ವರಿನಲ್ಲೂ ಇಟ್ಟುಕೊಳ್ಳದೆ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಕಕ್ಷಿದಾರರ ಗುಟ್ಟು ಕಾಯಬೇಕಾದ ನಮ್ಮಂಥವರಿಗೆ ಅದು ದೊಡ್ಡ ಅನುಕೂಲ. ಆದರೆ ಎರಡೂ ಕಂಪ್ಯೂಟರುಗಳು ಒಂದೇ ಹೊತ್ತಿಗೆ ಆನ್ ಆಗಿರಬೇಕು. ಬೀರುವಿನಲ್ಲಿ ಮಲಗಿದ್ದಕ್ಕೆ ಏನು ತಲುಪೀತು? ತಪ್ಪು ನನ್ನದೇ. ಹಾಗಾಗಿ ಈಗ ನನ್ನ ವಾದ ಇಷ್ಟೇ: ಆಪತ್ತಿಗೆಂದು ಇಟ್ಟ ಕಂಪ್ಯೂಟರಿನಲ್ಲಿ ವಾರಕ್ಕೊಂದು ದಿನ ಪೂರ್ತಿ ಕೆಲಸ ಮಾಡಬೇಕು. ಆನ್ ಮಾಡಿ ಆಫ್ ಮಾಡಿದರೆ ಸಾಲದು, ಅದರಲ್ಲೇ ಬರೆಯಬೇಕು, ಪ್ರಿಂಟ್ ತೆಗೆಯಬೇಕು. ನಮ್ಮ ಕಚೇರಿಯಲ್ಲಿ ಈಗ ಶನಿವಾರ ಅದರದ್ದು.

ಮೊದಲ ಶನಿವಾರವೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಹದಿನೈದು ವರ್ಷದ ಹಿಂದೆ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಟಿಪ್ಪಣಿಗಳು ಅದರಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲಾಗಿ ಕಂಡವು. ಕಡತವೇನೋ ಬಂದಿದೆ, ಫಾಂಟ್ ಇಲ್ಲ, ಓದುವ ಹಾಗಿಲ್ಲ. ಒಂದೊಂದನ್ನೇ ಯುನಿಕೋಡಿಗೆ ಬದಲಿಸುತ್ತಿದ್ದೇವೆ. ಹಳೆಯ ಕನ್ನಡ ಕಡತ ಇಟ್ಟುಕೊಂಡವರೆಲ್ಲ ಇದನ್ನು ಇವತ್ತೇ ನೋಡಿಕೊಳ್ಳುವುದು ಒಳ್ಳೆಯದು.

ಇ-ಕೋರ್ಟ್ಸ್ ಆ್ಯಪ್ ಇರುವಾಗ ಈ ಪಾಡೇಕೆ ಎಂದು ಕಿರಿಯ ವಕೀಲರು ಕೇಳುತ್ತಾರೆ. 16 ಅಕ್ಷರ, ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ಮುಂದಿನ ವಾಯಿದೆ ಯಾವಾಗ, ಯಾವುದಕ್ಕೆ ಎಂದು ಅದು ತೋರಿಸುತ್ತದೆ. ಅಷ್ಟರೊಳಗೆ ಸರ್ವೆ ನಕ್ಷೆಯ ನಕಲಿಗೆ ಅರ್ಜಿ ಹಾಕಬೇಕು, ಸಾಕ್ಷಿಗೆ ಫೋನ್ ಮಾಡಬೇಕು ಎಂಬುದನ್ನು ಅದು ಹೇಳುವುದಿಲ್ಲ. ಅದು ನನ್ನ ಪಟ್ಟಿಯ ಕೆಲಸ. ಆ ಪಟ್ಟಿಯನ್ನು ಯಾವುದೋ ಕಂಪನಿಯ ಆ್ಯಪಿಗೆ ಒಪ್ಪಿಸಲು ನನಗೆ ಮನಸ್ಸಿಲ್ಲ. ಅಂಥದ್ದೇ ಪಟ್ಟಿ ಇಡುವ ಆ್ಯಪ್ ಆಗಿದ್ದ ವಂಡರ್‌ಲಿಸ್ಟನ್ನು ಮೈಕ್ರೋಸಾಫ್ಟ್ 2015ರಲ್ಲಿ ಕೊಂಡು 2020ರ ಮೇ ತಿಂಗಳಲ್ಲಿ ಮುಚ್ಚಿತು. ನನ್ನದು ನೋಟ್‌ಪ್ಯಾಡಿನಲ್ಲಿ ತೆರೆಯುವ ಬರೀ ಪಠ್ಯದ ಕಡತ. ಯಾವ ಕಂಪ್ಯೂಟರಿನಲ್ಲೂ ತೆರೆಯುತ್ತದೆ.

ಇನ್ನೊಂದು ಮಾತು. ಸಿಂಕ್ ಇದ್ದರೆ ಬ್ಯಾಕಪ್ ಇದ್ದಂತೆ ಎಂದು ತಿಳಿಯಬೇಡಿ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಹಳೆಯ ಪ್ರತಿ ಉಳಿಸಿಕೊಳ್ಳುವ ಏರ್ಪಾಡು ಸಿಂಕ್‌ಥಿಂಗಿನಲ್ಲಿದೆ, ಆದರೆ ಅದನ್ನು ನಾವೇ ಆನ್ ಮಾಡಬೇಕು. ಇದರ ಮೇಲೆ ತಿಂಗಳಿಗೊಮ್ಮೆ ಪೆನ್‌ಡ್ರೈವಿಗೂ ಒಂದು ನಕಲು ಹಾಕುತ್ತೇನೆ.

ಹೋದ ಶನಿವಾರ ಜೂನಿಯರ್ ಕರೆದಳು. “ಮೇಡಂ, ಪಟ್ಟಿ ಎರಡಿದೆ, ಯಾವುದು ಸರಿ?” ಒಂದರ ಹೆಸರಿನ ಕೊನೆಗೆ ‘ಸಿಂಕ್ ಕಾನ್‌ಫ್ಲಿಕ್ಟ್’ ಎಂದೂ ತಾರೀಕೂ ಸೇರಿಕೊಂಡಿತ್ತು. ಎರಡು ಕಂಪ್ಯೂಟರುಗಳು ಒಂದನ್ನೊಂದು ಕಾಣುವ ಮೊದಲೇ ಎರಡರಲ್ಲೂ ಪಟ್ಟಿ ತಿದ್ದಿದ್ದೆವು. ಅಂಥ ಹೊತ್ತಲ್ಲಿ ಸಿಂಕ್‌ಥಿಂಗ್ ಎರಡನ್ನೂ ಉಳಿಸುತ್ತದೆ, ತೀರ್ಮಾನ ನಮಗೆ ಬಿಡುತ್ತದೆ. ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಓದಿದೆವು. ವ್ಯತ್ಯಾಸ ಒಂದೇ ಸಾಲಿನಲ್ಲಿ: ಒಂದರಲ್ಲಿ ‘ಪ್ರೋಸೆಸ್ ಶುಲ್ಕ ಕಟ್ಟಬೇಕು’, ಇನ್ನೊಂದರಲ್ಲಿ ‘ಕಟ್ಟಿದೆ’. ಗುಮಾಸ್ತರನ್ನು ಕೇಳಿದೆ. ಅವರು ಜೇಬಿನಿಂದ ರಸೀದಿ ತೆಗೆದು ಮೇಜಿನ ಮೇಲಿಟ್ಟರು.